ಕರ್ಜತ್ತಿಸು

ಮಸ್ಜಿದ್ ಬಂದರದ ಹೋಟೆಲಿನ ಮಾಳಿಗೆಯಲ್ಲಿ
ಸಕ್ಕರೆ ಮೂಟೆಗಳ ನಡುವೆ ನಮ್ಮ ಸಂಪಾದಕ ಮಂಡಳಿ.
ಮುಂಬಯಿ ಕನ್ನಡಿಗರ ವಿಶ್ವಕೋಶ,
'ಕ' ಸಂಪುಟ ಮುಗಿಯಬೇಕು ಈ ಮಾರ್ಚಿಗೆ.
ಕರ್ಕೇರ ಮನೆತನಕ್ಕೆ ಎರಡು ಪುಟ ಸಂದಿದೆ,
ಕರ್ನಾಟಕ ಸಂಘಗಳಿಗೆ ಹದಿನಾಲ್ಕು, ಜಗಳ ಸೇರಿ.
ನಡುವೆ ಒಂದು ಚೀಟಿ, ನನ್ನದೇ ಕೈಬರಹ:
ಕರ್ಜತ್ತಿಸು.

ಕೊನೇ ಲೋಕಲಿನಲ್ಲಿ ಕಣ್ಣು ಹತ್ತಿ
ಇಳಿಯುವ ಸ್ಟೇಷನ್ ದಾಟಿ
ಗಾಡಿ ನಿಲ್ಲುವ ಊರಿನ ತನಕ ಹೋಗಿಬಿಡುವುದು.
ಹುಟ್ಟು: ಕೆಳಗಿನ ಅಡುಗೆಮನೆ.
ಪ್ರಾಯ: ಮೂರು ವರ್ಷವಿರಬಹುದು.
ಆಡುವವರು: ದೋಸೆಕಲ್ಲಿನವರು, ಮೇಜು ಒರೆಸುವವರು,
ಈಗೀಗ ಎದುರಿನ ದ್ರಾಕ್ಷಿ ಗೋಡಂಬಿ ಅಂಗಡಿಯ ಹಮಾಲರೂ.

ಕಾಂಚನ್ ಮಾಸ್ತರರು ಕನ್ನಡಕ ತೆಗೆದರು.
ತೆಗೆದರೆಂದರೆ ಇಲ್ಲ ಎಂದರ್ಥ.
"ಇದು ನಿಘಂಟಿನವರ ತಲೆನೋವು ಮಾರಾಯ್ತಿ, ನಮ್ಮದಲ್ಲ.
ಅವರೂ ಇದನ್ನು ಬಾಗಿಲಲ್ಲೇ ನಿಲ್ಲಿಸುತ್ತಾರೆ.
ಹೊಸ ಮಾತೆಂದರೆ ದೀಪದ ಹಾತೆ,
ಎಣಿಸುವಷ್ಟರಲ್ಲಿ ರೆಕ್ಕೆ ಉದುರಿಸಿರುತ್ತದೆ.
ಐದು ವರ್ಷ ಬದುಕಲಿ,
ಮೂರು ಕಡೆ ಅಚ್ಚಾಗಲಿ, ಆಮೇಲೆ ನೋಡುವ."

ಹುಣಶ್ಯಾಳರಿಗೆ ಮೂಲದ ಮೇಲೇ ಅನುಮಾನ:
"ಊರಿಂದ ಬಂದದ್ದಲ್ಲ್ರೀ ಇದು, ಕರ್ಜಿಂದ ಬಂದೈತಿ.
ನಿದ್ದಿ ಸಾಲ ಮಾಡ್ತಾನ ಹುಡುಗ, ಗಾಡಿ ವಸೂಲಿ ಮಾಡ್ತೈತಿ."
ತಪ್ಪು ವ್ಯುತ್ಪತ್ತಿ.
ಆದರೂ ಬರೆದುಕೊಂಡೆ.

ಆಮೇಲೆ ವ್ಯಾಕರಣ.
'ಇಸು' ಹತ್ತಿದ ಮೇಲೆ ಮಾಡಿಸಿದವರು ಯಾರು?
ಹುಡುಗ ಕರ್ಜತ್ತಿಸಿದನೋ,
ಗಾಡಿ ಹುಡುಗನನ್ನು ಕರ್ಜತ್ತಿಸಿತೋ,
ನಡುರಾತ್ರಿ ಶಟರ್ ಎಳೆಸುವ ಯಜಮಾನರೋ?
ಯಜಮಾನರ ಚಹಾ ಕುಡಿಯುತ್ತಿದ್ದೆವು.
ಪ್ರಶ್ನೆ ಅಲ್ಲಿಗೆ ನಿಂತಿತು.

ಅಚ್ಚಿನ ಆಧಾರ ನನ್ನ ಬಳಿ ಇರಲಿಲ್ಲ.
ಈ ಮಾತು ಆಡುವವರು
ಬರೆಯುವ ಹೊತ್ತಿಗೆ ನಿದ್ದೆಯಲ್ಲಿರುತ್ತಾರೆ.
ಕೆಳಗಿಳಿದು ಗಲ್ಲೆಯಿಂದ ಹಾಜರಿ ಪುಸ್ತಕ ತಂದೆ:
ಜೂನ್ ಒಂಬತ್ತು, ಸುಧಾಮ, ಕರ್ಜತ್ತಿಸಿದ್ದಾನೆ, ಅರ್ಧ ದಿನ ಕಟ್.
ಜೂನ್ ಇಪ್ಪತ್ತು, ಅವನೇ, ಅರ್ಧ ದಿನ.
ಜುಲೈ ಎರಡು, ಬೋಜ, ಕರ್ಜತ್ತಿಸಿದ್ದಾನಂತೆ. ಸುಳ್ಳು. ಪೂರ್ತಿ ಕಟ್.

ಮಾಸ್ತರರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು.
"ನೆಪಕ್ಕೆ ಒದಗುವಷ್ಟು ಬೆಳೆದಿದೆ" ಎಂದರು.
"ಆದರೂ ಇದು ಅಚ್ಚಲ್ಲ, ಶಾಯಿ."
ಚೀಟಿ ಬಿಸ್ಕತ್ತಿನ ಡಬ್ಬಿಗೆ ಹೋಯಿತು,
ತೀರ್ಮಾನವಾಗದವುಗಳ ಜೊತೆ.
ಮುಚ್ಚಳ ಸರಿಯಾಗಿ ಕೂರುತ್ತಿಲ್ಲ ಈಚೆಗೆ.

ರಾತ್ರಿ, ಕರ್ಜತ್ ಲೋಕಲಿನ ಹೆಂಗಸರ ಡಬ್ಬಿ.
ಎದುರು ಸೀಟಿನಲ್ಲಿ ಖಾಲಿ ಬುಟ್ಟಿ ತಬ್ಬಿಕೊಂಡು ಒಬ್ಬಳು,
ಬಾಯಿ ಅರೆ ತೆರೆದು,
ಕಾಲ್ಬೆರಳಲ್ಲಿ ಚಪ್ಪಲಿ ನೇತು.
ಠಾಣೆ ಹೋಯಿತು. ಕಳವಾ. ಮುಂಬ್ರಾ.
ಎಬ್ಬಿಸದಿದ್ದರೆ ಕೋಶಕ್ಕೊಂದು ಪ್ರಯೋಗ ಸಿಕ್ಕೀತು,
ತಾರೀಕು, ಸ್ಥಳ, ಸಾಕ್ಷಿ ಸಮೇತ.
ಹಾಗೆ ಯೋಚಿಸಿದ್ದು ನಿಜ.
ದಿವಾ ದಾಟಿ, ಡೊಂಬಿವಲಿಯ ದೀಪ ಕಂಡಾಗ
ನಾಚಿಕೆಯಾಗಿ ಭುಜ ಅಲುಗಿಸಿದೆ:
ಬಾಯಿ, ಎಲ್ಲಿ ಇಳಿಯುವುದು?

ಕಣ್ಣು ಬಿಡದೆ ಹೇಳಿದಳು,
ಮರಾಠಿಯಲ್ಲಿ, ಸ್ವಲ್ಪ ಸಿಟ್ಟಿನಲ್ಲೇ:
ಕರ್ಜತ್. ಮನೆ ಅಲ್ಲೇ.

ಇಳಿದು ನಿಂತೆ. ಗಾಡಿ ಅವಳನ್ನು ಒಯ್ಯಿತು,
ಬರೀ ಒಯ್ಯಿತು.
ನಾಳೆ ಡಬ್ಬಿಯಿಂದ ಚೀಟಿ ತೆಗೆದು
ಅಂಚಿನಲ್ಲಿ ಒಂದು ಸಾಲು ಸೇರಿಸಬೇಕು,
ಅಲ್ಲಿ ಒಲೆ ಹಚ್ಚುವವರಿಗೆ ಈ ಅರ್ಥ ಹೊಂದದು ಎಂದು.
ಅವರೂ ನಿದ್ದೆಗೆಟ್ಟವರೇ, ಅವರಿಗೂ ಊರು ತಪ್ಪುವುದುಂಟು;
ಆಗ ಏನನ್ನುತ್ತಾರೋ.
ಖೋಪೋಲಿ ಇದೆಯಲ್ಲ, ಇನ್ನೂ ಮುಂದೆ.
ಖೋಪೋಲಿಸು?
'ಖ' ಸಂಪುಟ ಬರುವ ವರ್ಷ.